ಹಂಚಿನ ಮುಂದೆ ಕುಳಿತವಳಿಗೆ ಋತುಬಂಧದ ಝಳ: ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಅವರ ಹೆಸರು ಶಾಂತಮ್ಮ. ನಿಜವಾದ ಹೆಸರು, ಓಣಿ, ಮನೆಯವರ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ವಯಸ್ಸು 47, ಊರು ಕಲಬುರಗಿ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲ, ಮದುವೆಯ ದಿನಗಳಲ್ಲಿ ಇನ್ನೂ ಹೆಚ್ಚು. ಗಂಡ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಅತ್ತೆ, ಮಗ, ಸೊಸೆ.

ಅವರನ್ನು ಕರೆತಂದವರು ಗಂಡ. "ಇವಳ ಸಿಟ್ಟಿಗೆ ಏನಾದರೂ ಮಾಡಿ ಮೇಡಂ, ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ" ಎಂದರು. ಅವರನ್ನು ಹೊರಗೆ ಕೂರಿಸಿ ಶಾಂತಮ್ಮನವರ ಜೊತೆ ಮಾತಿಗೆ ಕುಳಿತೆ. ಸಿಟ್ಟಿನ ವಿಷಯ ಬರಲೇ ಇಲ್ಲ. ಬಂದದ್ದು ನಿದ್ದೆಯ ವಿಷಯ. ಎಂಟು ತಿಂಗಳಿಂದ ಮುಟ್ಟಾಗಿಲ್ಲ. ಎದೆಯಿಂದ ಹೊರಟ ಬಿಸಿ ಕುತ್ತಿಗೆ, ಕಿವಿ, ಹಣೆಗೆ ಏರುತ್ತದೆ, ಎದೆ ಡವಡವ ಎನ್ನುತ್ತದೆ, ಎರಡು ಮೂರು ನಿಮಿಷದಲ್ಲಿ ಕುಪ್ಪಸ ತೊಯ್ದುಹೋಗುತ್ತದೆ, ಆಮೇಲೆ ಮೈ ತಣ್ಣಗಾಗಿ ನಡುಗುತ್ತದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಕೂರುತ್ತಾರೆ. ಬೆಳಿಗ್ಗೆ ಎದ್ದವರ ಮುಖದ ಮೇಲೆ ಯಾರಾದರೂ "ಚಹಾ ಇನ್ನೂ ಆಗಿಲ್ಲವೇ" ಎಂದರೆ ಸಿಡುಕದೆ ಇನ್ನೇನು ಮಾಡಿಯಾರು?

ಹೃದಯಾಘಾತವೆಂದು ಹೆದರಿ ಇಸಿಜಿ ಮಾಡಿಸಿಕೊಂಡಿದ್ದರು, ಅದು ಸರಿಯಾಗಿತ್ತು. ಒಬ್ಬರು ಗ್ಯಾಸ್ ಎಂದಿದ್ದರು, ಇನ್ನೊಬ್ಬರು ಬಿಪಿ ಎಂದಿದ್ದರು. ಪಕ್ಕದ ಮನೆಯವರು "ಗರ್ಭಚೀಲ ತೆಗೆಸಿಬಿಡು, ಎಲ್ಲಾ ಹೋಗುತ್ತದೆ" ಎಂದಿದ್ದರಂತೆ. ಆ ಮಾತಿಗೆ ಉತ್ತರವನ್ನು ಮೊದಲ ದಿನವೇ ಕೊಟ್ಟೆ. ಈ ಬಿಸಿಗೂ ಗರ್ಭಕೋಶಕ್ಕೂ ನೇರ ಸಂಬಂಧವಿಲ್ಲ. ಅಂಡಾಶಯಗಳು ಈಸ್ಟ್ರೊಜನ್ ಎಂಬ ಹಾರ್ಮೋನನ್ನು ಕಡಿಮೆ ಮಾಡಿದಾಗ ಮಿದುಳಿನಲ್ಲಿ ಮೈಯ ತಾಪ ನೋಡಿಕೊಳ್ಳುವ ಹೈಪೊಥಾಲಮಸ್ ಭಾಗ ಅತಿ ಸೂಕ್ಷ್ಮವಾಗುತ್ತದೆ. ಮೊದಲು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಚೂರು ತಾಪ ಏರಿದರೂ "ಮೈ ಕಾದಿದೆ, ತಣ್ಣಗೆ ಮಾಡು" ಎಂದು ಆಜ್ಞೆ ಹೊರಡಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಸುರಿಯುತ್ತದೆ. ಗರ್ಭಕೋಶ ತೆಗೆದರೆ ಇದು ನಿಲ್ಲುವುದಿಲ್ಲ. ಅದರ ಜೊತೆ ಅಂಡಾಶಯಗಳನ್ನೂ ತೆಗೆದರೆ ನಿಧಾನವಾಗಿ ಆಗಬೇಕಾದ ಬದಲಾವಣೆ ಒಮ್ಮೆಲೇ ಆಗಿ ಬಿಸಿ ಇನ್ನೂ ಜೋರಾಗುತ್ತದೆ. ನಮ್ಮ ಭಾಗದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಮಾತಾಡುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಲಹೆಗೆ ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್ ಹೆಚ್ಚಿದ್ದರೂ ಎದೆ ಬಡಿತ, ಬೆವರು ಬರುತ್ತದೆ. ಕ್ಷಯದಲ್ಲೂ ರಾತ್ರಿ ಬೆವರು ಬರುತ್ತದೆ, ಜೊತೆಗೆ ಜ್ವರ, ಕೆಮ್ಮು, ತೂಕ ಇಳಿಯುವುದು ಇರಬಹುದು. ಇವನ್ನು ನೋಡದೆ ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟಬಾರದು. ಶಾಂತಮ್ಮನವರ ಥೈರಾಯ್ಡ್, ಸಕ್ಕರೆ, ಬಿಪಿ ಸರಿಯಿದ್ದವು, ಹಿಮೋಗ್ಲೋಬಿನ್ ಕಡಿಮೆಯಿತ್ತು. ಹನ್ನೆರಡು ತಿಂಗಳು ಮುಟ್ಟಿಲ್ಲದಿದ್ದರೆ ಮಾತ್ರ ಋತುಬಂಧವಾಯಿತು ಎನ್ನುತ್ತಾರೆ. ಆ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯದೆ ತೋರಿಸಬೇಕು ಎಂದು ವೈದ್ಯರು ಹೇಳಿ ಕಳಿಸಿದ್ದರು. ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಹೇಳಿದ್ದರು. "ಮೂರು ತಿಂಗಳು ಬೇರೆ ದಾರಿ ನೋಡುತ್ತೇನೆ" ಎಂದು ಇವರೇ ಸಮಯ ಕೇಳಿದ್ದರು.

ಋತುಬಂಧದ ಆಹಾರ ಎಂದು ಎಲ್ಲೆಡೆ ಸಿಗುವ ಪಟ್ಟಿಯನ್ನು ಇಂಥವರ ಕೈಗೆ ಕೊಟ್ಟು ಕಳಿಸುವುದು ಸುಲಭ. ಆದರೆ ದಿನಕ್ಕೆ ಐದಾರು ತಾಸು ಕಾದ ಹಂಚಿನ ಮುಂದೆ ಕೂರುವ ಹೆಂಗಸಿಗೆ ಮೊದಲು ಬೇಕಾದದ್ದು ಸೋಯಾಬೀನ್ ಅಲ್ಲ. ಬೆಂಕಿಯ ಹತ್ತಿರ ಕಳೆಯುವ ಹೊತ್ತು ಕಡಿಮೆಯಾಗಬೇಕು. ಹಾಗಾಗಿ ಅವರ ಕೆಲಸವನ್ನೇ ವಿವರವಾಗಿ ಕೇಳಿದೆ. ಹತ್ತು ಗಂಟೆಗೆ ಒಲೆ ಹಚ್ಚಿದರೆ ಒಂದು ಗಂಟೆಯವರೆಗೆ, ಮತ್ತೆ ಸಂಜೆ ಐದರಿಂದ ಎಂಟರವರೆಗೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವಾಗ ಆವಿ ನೇರ ಮುಖಕ್ಕೆ ಬರುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಉಬ್ಬಿಸಲು ಬಟ್ಟೆಯಿಂದ ಒತ್ತುವಾಗ ಮತ್ತೆ ಮುಖ ಹಂಚಿನ ಮೇಲೆ ಬಾಗುತ್ತದೆ. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಹಾರುತ್ತದೆ, ಹಾಗಾಗಿ ಫ್ಯಾನ್ ಇಲ್ಲ. ಕಿಟಕಿಗೆ ಹಿಟ್ಟಿನ ಚೀಲಗಳು ಅಡ್ಡ. ಅಡುಗೆಮನೆಗೆ ಮೇಲೆ ಸ್ಲ್ಯಾಬು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ಊರಿನಲ್ಲಿ ಇಂಥ ಕೋಣೆ ಹೇಗಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ಹೊಳೆದದ್ದು ಅವರ ಬಾಯಿಂದಲೇ. "ಖಡಕ್ ರೊಟ್ಟಿಯಾದರೆ ಯಾವಾಗ ಮಾಡಿಟ್ಟರೂ ನಡೆಯುತ್ತದೆ, ಮೆತ್ತನೆಯದನ್ನೇ ಊಟದ ಹೊತ್ತಿಗೆ ಮಾಡಬೇಕು" ಎಂದರು. ಹಾಗಾದರೆ ಖಡಕ್ ರೊಟ್ಟಿಯನ್ನೆಲ್ಲ ನಸುಕಿನ ಐದರಿಂದ ಎಂಟರೊಳಗೆ ಮುಗಿಸೋಣ, ಮಧ್ಯಾಹ್ನ ಒಲೆ ಹಚ್ಚುವುದು ಮೆತ್ತನೆಯ ರೊಟ್ಟಿಗೆ ಮಾತ್ರ ಎಂದು ಗೊತ್ತುಮಾಡಿದೆವು. ಸಂಜೆಯ ಬೇಡಿಕೆಯಲ್ಲಿ ಅರ್ಧವನ್ನು ಖಡಕ್‌ಗೆ ಬದಲಿಸಲು ಒಂದು ಖಾನಾವಳಿಯವರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಬಡಿಯುವವರು, ಬೇಯಿಸುವವರು ಅರ್ಧ ತಾಸಿಗೊಮ್ಮೆ ಅದಲುಬದಲಾಗಬೇಕು. ಚೀಲಗಳು ಕಿಟಕಿಯಿಂದ ಬೇರೆಡೆಗೆ ಹೋದವು. ಸಣ್ಣ ಟೇಬಲ್ ಫ್ಯಾನನ್ನು ಬೆನ್ನ ಹಿಂದೆ ನೆಲದ ಮೇಲಿಟ್ಟು ಒಲೆಗೆ ಗಾಳಿ ತಾಗದಂತೆ ಓರೆ ಮಾಡಲು ಹೇಳಿದೆ. ಕೈಗೆಟಕುವಲ್ಲಿ ಮಣ್ಣಿನ ಗಡಿಗೆಯ ನೀರು, ಒಂದು ಒದ್ದೆ ಟವೆಲ್. ಸಿಂಥೆಟಿಕ್ ಸೀರೆಗೆ ಬೆಂಕಿಯ ಅಪಾಯವೂ ಇದೆ, ಬೆವರನ್ನೂ ಅದು ಹೀರುವುದಿಲ್ಲ. ಕೆಲಸದ ಹೊತ್ತಿಗೆ ಹತ್ತಿಯದೇ ಇರಲಿ.

ಇನ್ನು ಊಟ. ಇಲ್ಲಿ ನಾನು ಬಿಡಿಸಬೇಕಾದದ್ದೇ ಹೆಚ್ಚಿತ್ತು. "ಎಲ್ಲಾ ಉಷ್ಣದಿಂದ" ಎಂದು ಅತ್ತೆ ಹೇಳಿದ್ದಕ್ಕೆ ಶಾಂತಮ್ಮ ಎಳ್ಳು, ಶೇಂಗಾ, ಬೆಲ್ಲ, ಮೊಟ್ಟೆ, ಸಜ್ಜೆ ರೊಟ್ಟಿ ಎಲ್ಲವನ್ನೂ ಬಿಟ್ಟಿದ್ದರು. ಬಿಡದೆ ಉಳಿಸಿಕೊಂಡದ್ದು ದಿನಕ್ಕೆ ಏಳೆಂಟು ಕಪ್ ಕುದಿಯುವ ಚಹಾ ಮತ್ತು ಕೆಂಪು ಖಾರ. ನಿದ್ದೆಯಿಲ್ಲದ್ದಕ್ಕೆ ಚಹಾ, ಚಹಾ ಕುಡಿದದ್ದಕ್ಕೆ ನಿದ್ದೆಯಿಲ್ಲ! ಮುಟ್ಟು ನಿಲ್ಲುವ ಹೊತ್ತಿನಲ್ಲಿ ಮೂಳೆ ವೇಗವಾಗಿ ಸವೆಯುತ್ತದೆ. ಋತುಬಂಧದ ನಂತರ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸು. ನಮ್ಮ ಜೋಳದಲ್ಲಿ ಅದು ತೀರಾ ಕಡಿಮೆ. ಎಳ್ಳಿನಲ್ಲಿ ಧಾರಾಳವಾಗಿದೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಒಂದು ಲೋಟ ಹಾಲಿನಲ್ಲಿ ಸುಮಾರು 240. ಅಂಥ ಎಳ್ಳನ್ನೇ ಬಿಟ್ಟು ಕುಳಿತರೆ ನಾಳೆ ಸೊಂಟದ ಮೂಳೆ ಮುರಿದಾಗ ನೋಡಿಕೊಳ್ಳುವವರು ಯಾರು?

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮರಳಿ ತಟ್ಟೆಗೆ ಬರಲಿ ಎಂದೆ. ಮಧ್ಯಾಹ್ನ ತೊಗರಿ ಬೇಳೆಯ ಜೊತೆ ಹೆಸರುಕಾಳು ಅಥವಾ ಮಡಕಿಕಾಳು, ಮೆಂತ್ಯದ ಸೊಪ್ಪು, ಹಸಿ ಸೌತೆ, ಮೇಲೆ ನಿಂಬೆ ಹಿಂಡಿಕೊಳ್ಳುವುದು. ಎರಡು ಹೊತ್ತು ಮೊಸರು ಇಲ್ಲವೇ ಮಜ್ಜಿಗೆ. ಬೆಳಿಗ್ಗೆ ಆರಿದ ಅಂಬಲಿ. ಚಹಾ ದಿನಕ್ಕೆ ಎರಡೇ ಕಪ್, ಸ್ವಲ್ಪ ಆರಿದ ಮೇಲೆ, ಮಧ್ಯಾಹ್ನ ಮೂರರ ನಂತರ ಇಲ್ಲವೇ ಇಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ, ಏಕೆಂದರೆ ಚಹಾ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಇವರಿಗೋ ರಕ್ತ ಕಡಿಮೆ. ಖಾರವನ್ನು ಪೂರ್ತಿ ಬಿಡಿ ಎಂದು ಕಲಬುರಗಿಯ ಹೆಂಗಸಿಗೆ ಹೇಳಿದರೆ ಸಲಹೆಯೇ ಮೂಲೆ ಸೇರುತ್ತದೆ. ರಾತ್ರಿಯ ಊಟದಲ್ಲಿ ಮಾತ್ರ ಕೆಂಪು ಖಾರವೂ ಬೇಡ, ಮಿರ್ಚಿ ಭಜಿಯೂ ಬೇಡ ಎಂದೆ. ಎಂಟು ಗಂಟೆಯೊಳಗೆ ಉಂಡು ಮುಗಿಸುವುದು.

"ಅಗಸಿ ಹಿಂಡಿ ತಿಂದರೆ ಬಿಸಿ ನಿಲ್ಲುತ್ತದೆಯೇ" ಎಂದು ಕೇಳಿದರು. ಇದ್ದದ್ದನ್ನೇ ಹೇಳಿದೆ: ಅಗಸೆ ಬೀಜ ಒಳ್ಳೆಯ ಆಹಾರ, ಹೃದಯಕ್ಕೂ ಹೊಟ್ಟೆಗೂ ಹಿತ, ಆದರೆ ಬಿಸಿ ತಗ್ಗಿಸುತ್ತದೆ ಎನ್ನುವುದು ಪರೀಕ್ಷೆಗಳಲ್ಲಿ ಗಟ್ಟಿಯಾಗಿಲ್ಲ. ಬೀದರ್ ಕಡೆ ಹೇರಳವಾಗಿ ಬೆಳೆಯುವ ಸೋಯಾದಿಂದ ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಊಟದಲ್ಲಿ ತಿನ್ನಲು ಅಡ್ಡಿಯಿಲ್ಲ. ಸೋಯಾ ಸಾರದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು, ಸ್ತನ ಕ್ಯಾನ್ಸರ್ ಆಗಿದ್ದವರಂತೂ ಮುಟ್ಟಲೇಬಾರದು. ತೂಕ ಹೆಚ್ಚಿರುವವರಿಗೆ ತೂಕ ಇಳಿದರೆ ಬಿಸಿಯೂ ತಗ್ಗುವುದುಂಟು; ಇವರಿಗೆ ಆ ಸಲಹೆ ಬೇಕಿರಲಿಲ್ಲ. ಹಲ್ಲಿಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುವ ರೂಢಿಯಿತ್ತು, ಅದನ್ನು ಬಿಡಲೇಬೇಕೆಂದೆ.

ರಾತ್ರಿಯ ವ್ಯವಸ್ಥೆಗೆ ಸೊಸೆಯನ್ನೂ ಕೂರಿಸಿಕೊಂಡೆ. ದಪ್ಪ ರಗ್ಗಿನ ಬದಲು ಎರಡು ತೆಳು ಕೌದಿ, ಬಿಸಿ ಬಂದಾಗ ಒಂದನ್ನು ಸರಿಸಲು, ಚಳಿಯಾದಾಗ ಎಳೆದುಕೊಳ್ಳಲು. ಹಾಸಿಗೆಯ ಪಕ್ಕ ಒಣ ಕುಪ್ಪಸ, ನೀರಿನ ತಂಬಿಗೆ. ಬೇಸಿಗೆಯಲ್ಲಿ ಕೂಲರಿನ ಎದುರಿನ ಜಾಗ ಮನೆಯ ಗಂಡಸರಿಗೇ ಎಂಬ ಅಲಿಖಿತ ನಿಯಮವನ್ನು ಸೊಸೆಯೇ ಎತ್ತಿ ಹೇಳಿದಳು, ಹುಡುಗಿ ಧೈರ್ಯವಂತೆ. ಆ ಜಾಗ ಶಾಂತಮ್ಮನವರದಾಯಿತು. ಕ್ಯಾಲೆಂಡರಿನಲ್ಲಿ ಹಗಲಿನ ಬಿಸಿಗೆ ಚುಕ್ಕಿ, ರಾತ್ರಿ ಎಚ್ಚರವಾದರೆ ಸೊನ್ನೆ ಹಾಕಲು ಹೇಳಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಉಳಿದಿತ್ತು. ರೊಟ್ಟಿ ಕೊಡಲು ಖಾನಾವಳಿಗೆ ಹೋದಾಗ ಬಿಸಿ ಬಂದರೆ ದುಡ್ಡು ಎಣಿಸದೆಯೇ ಓಡಿಬರುತ್ತಿದ್ದರು. "ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ, ಏನೆಂದುಕೊಳ್ಳುತ್ತಾರೋ" ಎಂಬ ಯೋಚನೆ ಬಂದೊಡನೆ ಎದೆ ಬಡಿತ ಏರುತ್ತಿತ್ತು, ಬೆವರು ಹೆಚ್ಚುತ್ತಿತ್ತು. ಯೋಚನೆಯನ್ನು ಹಿಡಿದು ಪರೀಕ್ಷಿಸುವ ಈ ಕೆಲಸಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಎನ್ನುತ್ತಾರೆ. ಬಿಸಿಯ ಕಾಟವನ್ನೂ ನಿದ್ದೆಗೇಡನ್ನೂ ಇದು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಊಟದ ಹೊತ್ತಿನ ಖಾನಾವಳಿಯಲ್ಲಿ ಎಷ್ಟು ಜನ ಬೆವರುತ್ತಿರುತ್ತಾರೆ, ಎಣಿಸಿ ಬನ್ನಿ ಎಂದು ಕಳಿಸಿದೆ. ಮುಂದಿನ ಸಲ ಬಂದು "ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದರು ಮೇಡಂ" ಎಂದರು. ಬಿಸಿ ಹೊರಟಿತು ಎನ್ನಿಸಿದಾಗ ಓಡದೆ ನಿಂತು, ಹೊಟ್ಟೆಯವರೆಗೆ ಉಸಿರೆಳೆದು ನಿಧಾನವಾಗಿ ಬಿಡುವುದನ್ನು ಕಲಿಸಿದೆ. ಇದರಿಂದ ಬಿಸಿ ಬರುವುದು ನಿಲ್ಲುವುದಿಲ್ಲ, ಗಾಬರಿ ನಿಲ್ಲುತ್ತದೆ.

ಗಂಡನಿಗೂ ಅತ್ತೆಗೂ ಒಟ್ಟಿಗೆ ವಿವರಿಸಿದೆ. "ನಮಗೂ ಮುಟ್ಟು ನಿಂತಿತು, ನಾವು ಹೀಗೆ ಆಡಲಿಲ್ಲ" ಎಂದು ಅತ್ತೆ ಶುರು ಮಾಡಿದರು. "ಅವ್ವ, ಆಗ ನೀವು ರಾತ್ರಿ ಚೆನ್ನಾಗಿ ಮಲಗುತ್ತಿದ್ದಿರಾ" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತು ಕುತ್ತಿಗೆಗೆ ನೀರು ಹಾಕಿಕೊಳ್ಳುತ್ತಿದ್ದೆ ಎಂದರು. ಗಂಡನಿಗೆ ಹೇಳಿದ್ದು ಎರಡೇ: ಇದು ತಲೆ ಕೆಟ್ಟದ್ದಲ್ಲ, ಬೆಳಗಿನ ಚಹಾ ನೀವೇ ಮಾಡಿಕೊಳ್ಳಿ.

ಮೂರು ತಿಂಗಳ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಸೊನ್ನೆಗಳು ವಿರಳವಾಗಿದ್ದವು, ಚುಕ್ಕಿಗಳು ಅಷ್ಟೇನೂ ಇಳಿದಿರಲಿಲ್ಲ. ನಿದ್ದೆ ಬರುತ್ತಿದೆ, ಸಿಡುಕು ತಗ್ಗಿದೆ, ರಕ್ತ ಏರುತ್ತಿದೆ. ಬೇಸಿಗೆ ಬಂದಾಗ ತಡೆಯಲಾಗದಿದ್ದರೆ ಹಾರ್ಮೋನ್ ಚಿಕಿತ್ಸೆಗೆ ಹೆದರಬೇಡಿ ಎಂದೆ. ಬಿಸಿಗೆ ಎಲ್ಲಕ್ಕಿಂತ ಪರಿಣಾಮಕಾರಿ ಅದೇ. 60 ವರ್ಷದೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ಅಡ್ಡಿಗಳಿಲ್ಲದ ಹೆಂಗಸರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಯಕೃತ್ತಿನ ತೊಂದರೆ ಇದ್ದವರಿಗೆ ಅದು ಸಲ್ಲದು. ಅಂಥವರಿಗೆ ಹಾರ್ಮೋನ್ ಇಲ್ಲದ ಔಷಧಗಳಿವೆ. ತೀರ್ಮಾನ ವೈದ್ಯರ ಜೊತೆ ಕುಳಿತು ಮಾಡಬೇಕಾದದ್ದು.

ಕೊನೆಯ ಭೇಟಿಯಲ್ಲಿ ಅವರು ತಂಗಿಯ ವಿಷಯ ತೆಗೆದರು. ಯಾದಗಿರಿ ಕಡೆ ಕೊಟ್ಟಿದ್ದಾರೆ, 36ಕ್ಕೇ ಗರ್ಭಚೀಲ ತೆಗೆಸಿದ್ದಾರೆ, ಆಗಿನಿಂದ ಇದೇ ಬಿಸಿ. "ನನಗೆ ಹೇಳಿದ್ದನ್ನೇ ಅವಳಿಗೂ ಹೇಳಲೇ" ಎಂದರು. ಅಷ್ಟೇ ಸಾಲದು ಎಂದೆ. ಡಿಸ್ಚಾರ್ಜ್ ಕಾರ್ಡ್ ಹುಡುಕಿಸಿ, ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ನೋಡಬೇಕು. ತೆಗೆದಿದ್ದರೆ ಆಕೆಯ ಮೂಳೆಗೂ ಹೃದಯಕ್ಕೂ ಇನ್ನೂ ಹತ್ತು ವರ್ಷ ಸಿಗಬೇಕಿದ್ದ ಹಾರ್ಮೋನ್ ಸಿಗುತ್ತಿಲ್ಲ. ಅಡ್ಡಿಗಳಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅದನ್ನು ಔಷಧವಾಗಿ ಕೊಡುವುದು ರೂಢಿ. ಅಂಬಲಿ, ಕೌದಿ, ಕೂಲರಿನಿಂದ ತೀರುವ ಪ್ರಕರಣ ಅದಲ್ಲ. ಸ್ತ್ರೀರೋಗ ತಜ್ಞರಿಗೆ ತೋರಿಸಲು ಚೀಟಿ ಬರೆದುಕೊಟ್ಟು, ಕಾರ್ಡ್ ಸಿಕ್ಕಿದ ಕೂಡಲೇ ಇಬ್ಬರೂ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.