ಯಾವ ನಂಬರ್ ಹಿಡಿದ್ರೆ ಹೊಡಿಯುತ್ತೆ ಮೇಡಂ?

ಓದುಗರ ಪ್ರಶ್ನೆ, ಲೆಕ್ಕದ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳಲ್ಲಿ ಲಾಟ್ರಿ, ಓಸಿ (ಓಪನ್-ಕ್ಲೋಸ್ ಅನ್ನೋ ಮಟ್ಕಾ ಜೂಜು), ಲಕ್ಕಿ ಸ್ಕೀಮ್ ಬಗ್ಗೆ ಕೇಳಿದವರೇ ಜಾಸ್ತಿ. ಹೆಸರು ಹಾಕಬ್ಯಾಡ್ರಿ ಅಂತ ಎಲ್ಲರೂ ಬರ್ದಿದಾರೆ, ಹಾಗಾಗಿ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಮೇಡಂ, ನಮ್ ಫ್ರೆಂಡ್ಸು ಹಳೇ ರಿಸಲ್ಟ್ ಚಾರ್ಟ್ ಇಟ್ಕೊಂಡು ಯಾವ ನಂಬರ್ ಬಹಳ ದಿನದಿಂದ ಬಂದಿಲ್ವೋ ಅದನ್ನೇ ಹಿಡೀತಾರೆ, ಈಗ ಬರಲೇಬೇಕು ಅಂತಾರೆ. ಇನ್ನೊಬ್ಬ ಹುಟ್ಟಿದ ತಾರೀಖೇ ಬೆಸ್ಟ್ ಅಂತಾನೆ. ನಂಬರ್ ಸೆಲೆಕ್ಟ್ ಮಾಡೋಕೆ ನಿಜವಾಗ್ಲೂ ಮೆಥಡ್ ಅಂತ ಏನಾದ್ರೂ ಇದ್ಯಾ?
(ಡಿಗ್ರಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಗೆಲ್ಲೋಕೆ ಮೆಥಡ್ ಇಲ್ಲಪ್ಪ. ಇದೆ ಅಂತ ಯಾರಾದ್ರೂ ದುಡ್ಡು ಇಸ್ಕೊಂಡು ಹೇಳಿಕೊಟ್ರೆ ಅವರ ಸಂಪಾದನೆ ಆ ಫೀಸು, ಲಾಟ್ರಿ ಅಲ್ಲ.

"ಬಹಳ ದಿನ ಬಂದಿಲ್ಲ, ಈಗ ಬರಲೇಬೇಕು" ಅನ್ನೋದನ್ನ ಮೊದಲು ತಗೊಳ್ಳೋಣ, ಯಾಕಂದ್ರೆ ಜನ ಹೆಚ್ಚು ಕಳ್ಕೊಂಡಿರೋದು ಈ ನಂಬಿಕೆಯಿಂದಲೇ. ಇಟಲಿಯ ಲೊಟ್ಟೊ ಅನ್ನೋ ಲಾಟ್ರಿಯಲ್ಲಿ ವೆನಿಸ್ ನಗರದ ಡ್ರಾನಲ್ಲಿ 53 ಅನ್ನೋ ನಂಬರು 2003ರಿಂದ ಸುಮಾರು ಎರಡು ವರ್ಷ ಬರಲೇ ಇಲ್ಲ. ಈ ವಾರ ಬಂದೇ ಬರುತ್ತೆ ಅಂತ ಇಡೀ ದೇಶ ಅದರ ಹಿಂದೆ ಬಿತ್ತು, ಮನೆ ಉಳಿತಾಯ ಹಾಕಿದವರಿದ್ರು, ಸಾಲ ಮಾಡಿ ಹಾಕಿದವರಿದ್ರು, ಜೀವ ಕಳ್ಕೊಂಡವರೂ ಇದ್ದಾರೆ. 2005ರ ಫೆಬ್ರವರಿಯಲ್ಲಿ ಕೊನೆಗೂ ಅದು ಬಂತು, ಅಷ್ಟೊತ್ತಿಗೆ ಎಷ್ಟೋ ಜನ ಪೂರ್ತಿ ಮುಳುಗಿದ್ರು. ಆ ಎರಡು ವರ್ಷದ ಪ್ರತಿ ಡ್ರಾನಲ್ಲೂ 53ಕ್ಕೆ ಇದ್ದ ಚಾನ್ಸ್ ಅಷ್ಟೇ ಇತ್ತು, ಒಂದು ಚೂರೂ ಏರಿರ್ಲಿಲ್ಲ.

ಇದರ ಉಲ್ಟಾನೂ ಆಗಿದೆ ನೋಡು. ಬಲ್ಗೇರಿಯಾ ದೇಶದಲ್ಲಿ 2009ರ ಸೆಪ್ಟೆಂಬರ್ 6ಕ್ಕೆ 4, 15, 23, 24, 35, 42 ಬಂತು, ನಾಲ್ಕು ದಿನ ಬಿಟ್ಟು 10ನೇ ತಾರೀಖು ಮತ್ತೆ ಅವೇ ಆರು. ಗೋಲ್ಮಾಲ್ ಇದೆಯಾ ಅಂತ ತನಿಖೆನೂ ಆಯ್ತು, ಏನೂ ಸಿಗಲಿಲ್ಲ. ಈಗಷ್ಟೇ ಬಂದ ನಂಬರ್ ಮತ್ತೆ ಬರಲ್ಲ ಅನ್ನೋದೂ ನಮ್ಮ ತಲೆಯಲ್ಲಿ ಮಾತ್ರ ಇರೋ ನಿಯಮ.

49ರಲ್ಲಿ 6 ಆರಿಸೋ ಆಟ ಅಂತ ಇಟ್ಕೋ, ಒಟ್ಟು ಜೋಡಣೆಗಳು 1,39,83,816. ನೀನು 1, 2, 3, 4, 5, 6 ಅಂತ ಬರೆದ್ರೂ ಅದೇ ಚಾನ್ಸ್, ನಿಮ್ಮಜ್ಜಿ ಹುಟ್ಟಿದ ದಿನ ಬರೆದ್ರೂ ಅದೇ ಚಾನ್ಸ್. ನಂಬರ್ ಆರಿಸೋದರಿಂದ ಬದಲಾಗೋದು ಒಂದೇ, ಅಕಸ್ಮಾತ್ ಗೆದ್ರೆ ಎಷ್ಟು ಜನರ ಜೊತೆ ಹಂಚ್ಕೋಬೇಕು ಅನ್ನೋದು. ಹುಟ್ಟಿದ ತಾರೀಖು ಹಿಡಿಯೋರೆಲ್ಲ 31ರ ಒಳಗೇ ಇರ್ತಾರೆ, 7 ಎಲ್ಲರಿಗೂ ಇಷ್ಟ, ಫಾರಂನಲ್ಲಿ ಚಂದ ಕಾಣೋ ಸಾಲಿಗೆ ಟಿಕ್ ಹಾಕೋರೂ ಬಹಳ. ಬ್ರಿಟನ್ನಿನಲ್ಲಿ 1995ರ ಜನವರಿಯಲ್ಲಿ 7, 17, 23, 32, 38, 42 ಬಂದಾಗ ಒಬ್ಬರಲ್ಲ ಇಬ್ಬರಲ್ಲ, 133 ಜನ ಜಾಕ್‌ಪಾಟ್ ಗೆದ್ರು! 1.6 ಕೋಟಿ ಪೌಂಡ್ ಬಹುಮಾನ ಹಂಚಿ ಒಬ್ಬೊಬ್ಬರಿಗೆ ಒಂದೂಕಾಲು ಲಕ್ಷ ಪೌಂಡಿಗಿಂತ ಕಮ್ಮಿನೇ ಬಂತು. ಹಾಗಾಗಿ ಇಂಥ ಆಟದಲ್ಲಿ 31ರ ಮೇಲಿನ ನಂಬರೂ ಸೇರಿಸಿ, ಚಂದದ ಪ್ಯಾಟರ್ನ್ ಬಿಟ್ಟು ಬರಿ ಅಂತ ಹೇಳಬಹುದು, ಅದು ಹಂಚಿಕೆ ಕಮ್ಮಿ ಮಾಡೋಕೆ, ಗೆಲುವಿಗೆ ಅಲ್ಲ.

ಲೆಕ್ಕ ಹಾಕಿ ಲಾಟ್ರಿ ಗೆದ್ದವರು ಇಲ್ವೇ ಇಲ್ವಾ ಅಂದ್ರೆ ಇದಾರೆ. ಸ್ಟೀಫನ್ ಮ್ಯಾಂಡೆಲ್ ಅಂತ ರುಮೇನಿಯಾದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ, 1992ರಲ್ಲಿ ಅಮೆರಿಕದ ವರ್ಜೀನಿಯಾ ಲಾಟ್ರಿಯಲ್ಲಿ ಇದ್ದ 70,59,052 ಜೋಡಣೆಗಳನ್ನೂ ಕೊಳ್ಳೋಕೆ ಹೂಡಿಕೆದಾರರ ದುಡ್ಡು ಕೂಡಿಸಿ ಹೊರಟ್ರು, ಟೈಮ್ ಸಾಲದೆ ಸುಮಾರು 50 ಲಕ್ಷ ಕೊಂಡ್ರು, ಅದರಲ್ಲೇ ಹೊಡೀತು. ಟಿಕೆಟ್ ಒಂದು ಡಾಲರ್, ಜಾಕ್‌ಪಾಟ್ 2.7 ಕೋಟಿ ಡಾಲರ್, ಅದಕ್ಕೇ ಲೆಕ್ಕ ಕೂಡಿಬಂತು. ಅವರು ನಂಬರ್ ಆರಿಸಲೇ ಇಲ್ಲ ಅನ್ನೋದನ್ನ ಗಮನಿಸು, ಸಿಕ್ಕಷ್ಟು ಎಲ್ಲಾ ಕೊಂಡ್ರು.

ಪ್ರಶ್ನೆ: ಮೇಡಂ, ನಮ್ಮನೆಯವ್ರು ದಿನಾ ಓಸಿ ಆಡ್ತಾರೆ. ಬೆಳಿಗ್ಗೆ ಎದ್ದ ಕೂಡ್ಲೇ ಕನಸಲ್ಲಿ ಏನ್ ಕಂಡ್ತು ಅಂತ ನನ್ನನ್ನೂ ಮಕ್ಕಳನ್ನೂ ಕೇಳ್ತಾರೆ, ಹಾವು ಕಂಡ್ರೆ ಒಂದು ನಂಬರಂತೆ, ನೀರು ಕಂಡ್ರೆ ಒಂದಂತೆ. ಸೋತ್ರೆ ಮರುದಿನ ಡಬಲ್ ಹಾಕ್ತೀನಿ, ಒಂದ್ಸಲ ಹೊಡೆದ್ರೆ ಎಲ್ಲಾ ವಾಪಸ್ ಬರ್ತೈತೆ ಅಂತಾರೆ. ಸಂಘದ ಕಂತಿಗೆ ಇಟ್ಟಿದ್ದ ದುಡ್ಡೂ ಹೋಯ್ತು. ನಂಗೆ ಲೆಕ್ಕ ಬರಲ್ಲ, ಅವ್ರಿಗೆ ಏನಂತ ಹೇಳ್ಲಿ?
(ದಾವಣಗೆರೆ, ಹಳೇ ಊರು)

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ಬಹಳ ಸಂಕಟ ಆಯ್ತು. ಲೆಕ್ಕ ಬರಲ್ಲ ಅನ್ನಬ್ಯಾಡ್ರಿ, ಸಂಘದ ಪಾಸ್‌ಬುಕ್ ನೋಡೋರಿಗೆ ಈ ಲೆಕ್ಕ ಕಷ್ಟ ಅಲ್ಲ. ಒಂದು ಹಾಳೆ ತಗೊಳ್ರಿ, ಸಾಧ್ಯ ಆದ್ರೆ ಅವರನ್ನೂ ಪಕ್ಕ ಕೂರಿಸಿಕೊಳ್ರಿ.

ಓಸಿ ಚೀಟಿಯಲ್ಲಿ ಏನಿರುತ್ತೆ, ಬೆರಳುದ್ದದ ಕಾಗದದ ಮೇಲೆ 74, ಪಕ್ಕದಲ್ಲಿ 20 ಅಂತ. ಅಂದ್ರೆ 74 ಜೋಡಿಗೆ 20 ರೂಪಾಯಿ. ಮೂರು ಇಸ್ಪೀಟ್ ಎಲೆ ಎಳೆದು ಕೂಡ್ತಾರೆ, 3, 6, 8 ಬಂದ್ರೆ ಮೊತ್ತ 17, ಕೊನೇ ಅಂಕಿ 7, ಅದು ಓಪನ್. ಆಮೇಲೆ ಇನ್ನೊಮ್ಮೆ ಎಳೆದು ಹಾಗೇ ಕೂಡಿದ್ರೆ ಕ್ಲೋಸ್. ಎರಡೂ ಅಂಕಿ ಪಕ್ಕಪಕ್ಕ ಇಟ್ರೆ ಜೋಡಿ. ಜೋಡಿ 00ಯಿಂದ 99ರವರೆಗೆ ಒಟ್ಟು 100. ಹೊಡೆದ್ರೆ ರೂಪಾಯಿಗೆ 70 ಕೊಡ್ತಾರೆ, ಕೆಲವು ಕಡೆ 80.

ಈಗ ನಿಮ್ಮ ಯಜಮಾನ್ರು ಯಾವ ಕನಸೂ ಬ್ಯಾಡ ಅಂತ ನೂರೂ ಜೋಡಿಗೆ ಹತ್ತತ್ತು ರೂಪಾಯಿ ಹಾಕಿದ್ರು ಅಂತ ಇಟ್ಕೊಳ್ರಿ. ಹಾಕಿದ್ದು 1000. ಒಂದು ಜೋಡಿ ಗ್ಯಾರಂಟಿ ಹೊಡಿಯುತ್ತೆ, ಬರೋದು 700. ಎಲ್ಲಾ ನಂಬರೂ ಕೈಯಲ್ಲಿದ್ದು, ಗೆದ್ದು, 300 ರೂಪಾಯಿ ಲಾಸು! ಹಾವಿನ ನಂಬರ್ ಹಿಡಿದ್ರೂ ನೀರಿನ ನಂಬರ್ ಹಿಡಿದ್ರೂ ಆ 300 ಎಲ್ಲಿಂದಲೋ ಹೋಗಲೇಬೇಕು, ಯಾಕಂದ್ರೆ ಅದು ರೇಟಿನಲ್ಲೇ ಕಟ್ ಆಗಿದೆ. ದಿನಕ್ಕೆ 100 ರೂಪಾಯಿ ಆಡೋರಿಗೆ ಸರಾಸರಿ ತಿಂಗಳಿಗೆ 900, ವರ್ಷಕ್ಕೆ ಹತ್ರ 11 ಸಾವಿರ ಹೋಗುತ್ತೆ. ಇದು ನಸೀಬು ಸಾಧಾರಣ ಇದ್ದವರ ಲೆಕ್ಕ.

ದಿನಾ ಒಂದೇ ಜೋಡಿ ಹಿಡಿದ್ರೆ ನೂರು ದಿನದಲ್ಲಿ ಒಮ್ಮೆಯಾದ್ರೂ ಬರುತ್ತೆ ಅಂತ ಬಹಳ ಜನ ಅನ್ಕೊಂಡಿದಾರೆ. ನೂರು ದಿನ ಆಡಿದ್ರೂ ಒಂದೂ ಸಲ ಬರದೇ ಇರೋ ಚಾನ್ಸ್ ನೂರಕ್ಕೆ 36ಕ್ಕಿಂತ ಜಾಸ್ತಿ ಇದೆ.

ಡಬಲ್ ಹಾಕೋದು ಇದಕ್ಕಿಂತ ಅಪಾಯ. ಹತ್ತು ರೂಪಾಯಿಂದ ಶುರು ಮಾಡಿ, 10, 20, 40, 80 ಅಂತ ಹೋದ್ರೆ ಹತ್ತನೇ ಸಲಕ್ಕೆ ಹಾಕಬೇಕಾದ್ದು 5,120, ಅಲ್ಲಿವರೆಗೆ ಕೈಬಿಟ್ಟು ಹೋಗೋ ಒಟ್ಟು ದುಡ್ಡು 10,230. ಅಷ್ಟು ಸಲ ಯಾರು ಸೋಲ್ತಾರೆ ಅಂತ ಅವರು ಕೇಳಬಹುದು. ಸಿಂಗಲ್ ಆಡಿದ್ರೂ, ಅಂದ್ರೆ ಹತ್ತರಲ್ಲಿ ಒಂದು ಅಂಕಿ ಹಿಡಿದ್ರೂ, ಸತತ ಹತ್ತು ಸಲ ಸೋಲೋ ಚಾನ್ಸ್ ನೂರಕ್ಕೆ 35ರ ಹತ್ರ. ಜೋಡಿಯಲ್ಲಂತೂ ನೂರಕ್ಕೆ 90. ಸಂಘದ ಕಂತು ಹೋಗಿದ್ದು ಹೀಗೇನೇ.

ಕನಸಿನ ವಿಷ್ಯಕ್ಕೆ ಬಂದ್ರೆ, ಈ ಆಟ ಹುಟ್ಟಿದ್ದು ಎಲ್ಲಿಂದ ಅಂತ ಅವರಿಗೆ ಹೇಳ್ರಿ. ಕಾಟನ್ ಮಿಲ್ಲಿನ ಊರು ನಮ್ಮದು, ಇದೂ ಹತ್ತಿಯಿಂದಲೇ ಬಂದಿದ್ದು. ನ್ಯೂಯಾರ್ಕಿನ ಹತ್ತಿ ರೇಟು ಟೆಲಿಪ್ರಿಂಟರಲ್ಲಿ ಬಾಂಬೆಗೆ ಬರ್ತಿತ್ತು, ಶುರುವಿನ ರೇಟು ಎಷ್ಟು ಮುಗಿಯೋ ರೇಟು ಎಷ್ಟು ಅಂತ ಅಲ್ಲಿನ ಜನ ಬಾಜಿ ಕಟ್ತಿದ್ರು. 1961ರಲ್ಲಿ ಅದು ನಿಂತುಹೋಯ್ತು. ಆಮೇಲೆ 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಆಟ ಶುರು ಮಾಡಿದ್ರು, ಮಡಕೆಯಿಂದ ಚೀಟಿ ಎತ್ತೋದು, ನಂತರ ಇಸ್ಪೀಟ್ ಎಲೆ. ಹತ್ತಿ ರೇಟಿನ ಕಾಲದಲ್ಲಿ ಕನಿಷ್ಠ ಪೇಪರಲ್ಲಿ ನೋಡಿ ತಾಳೆ ಹಾಕಬಹುದಿತ್ತು, ಈಗ ಎಲೆ ಎಳೆಯೋದು ಯಾರು, ಎಲ್ಲಿ ಅಂತ ನಿಮ್ಮ ಓಣಿಯಲ್ಲಿ ಚೀಟಿ ಬರೆಯೋನಿಗೂ ಗೊತ್ತಿರಲ್ಲ. ಯಾವ ನಂಬರ್ ಮೇಲೆ ಎಷ್ಟು ದುಡ್ಡು ಬಿದ್ದಿದೆ ಅಂತ ತಿಳಿದಿರೋ ಕಡೆಯವರೇ ರಿಸಲ್ಟೂ ಕೊಡ್ತಾರೆ, ಕೇಳೋರು ಯಾರೂ ಇಲ್ಲ. ಮಕ್ಕಳ ಕನಸಿಗೂ ಇದಕ್ಕೂ ಏನು ಸಂಬಂಧ ಹೇಳ್ರಿ. ದಯವಿಟ್ಟು ಮಕ್ಕಳನ್ನ ಆ ಪ್ರಶ್ನೆ ಕೇಳೋದನ್ನ ಮೊದಲು ನಿಲ್ಲಿಸ್ರಿ, ಇವತ್ತೇ.

ಕಾನೂನು ಪ್ರಕಾರನೂ ಇದು ಅಪರಾಧ, 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 78ರ ಅಡಿ ಓಸಿ ಕೇಸು ಬೀಳುತ್ತೆ. ಆದ್ರೆ ಮನೆಯಲ್ಲಿ ಪೊಲೀಸ್ ಹೆಸರು ಹೇಳಿ ಹೆದರಿಸೋದರಿಂದ ಆಟ ಬಿಡಲ್ಲ, ಮುಚ್ಚಿಟ್ಟು ಆಡ್ತಾರೆ ಅಷ್ಟೇ. ಒಂದು ನೋಟ್‌ಬುಕ್ ಇಡಿಸ್ರಿ, ದಿನಾ ಹಾಕಿದ್ದೆಷ್ಟು ಬಂದಿದ್ದೆಷ್ಟು ಅಂತ ಒಂದು ತಿಂಗಳು ಅವರ ಕೈಯಲ್ಲೇ ಬರೆಸ್ರಿ. ಹೊಡೆದ ದಿನ ಎಲ್ಲರಿಗೂ ನೆನಪಿರುತ್ತೆ, ಹೋದ ದಿನ ಮರೆತುಹೋಗುತ್ತೆ, ಬರೆದ್ರೆ ಮಾತ್ರ ಎರಡೂ ಒಂದೇ ಕಡೆ ಕಾಣುತ್ತೆ. ಸಂಘದ ಕಂತಿನ ದುಡ್ಡು ಮನೆಯಲ್ಲಿ ಇಡಬ್ಯಾಡ್ರಿ, ನಿಮ್ಮ ಹೆಸರಿನ ಖಾತೆಗೆ ಹಾಕಿಬಿಡ್ರಿ. ಬಿಡಬೇಕು ಅಂತ ಮನಸ್ಸಿದ್ದೂ ಕೈ ತಡೀತಿಲ್ಲ ಅಂದ್ರೆ ಅದು ಚಟದ ಕಾಯಿಲೆ, ವೈದ್ಯರು ಅದನ್ನ ಕಾಯಿಲೆ ಅಂತಲೇ ನೋಡ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ನೀವೊಬ್ಬರೇ ಫೋನ್ ಮಾಡಿದ್ರೂ ನಡೆಯುತ್ತೆ, ಯಜಮಾನ್ರು ಬರೋವರೆಗೆ ಕಾಯಬ್ಯಾಡ್ರಿ.

ಪ್ರಶ್ನೆ: ನಾನು ಲಾರಿ ಡ್ರೈವರ್, ಈರುಳ್ಳಿ ಲೋಡ್ ತಗೊಂಡು ಕೇರಳಕ್ಕೆ ಹೋಗ್ತಿರ್ತೀನಿ. ಅಲ್ಲಿ ಬಂಪರ್ ಟಿಕೆಟ್ ತಗೊಂಡ್ರೆ ನಮ್ಮೂರೋರಿಗೆ ಬಹುಮಾನ ಕೊಡ್ತಾರಾ? ವಾಟ್ಸಾಪಲ್ಲಿ ಕೇರಳ ಲಾಟ್ರಿ ಆನ್‌ಲೈನ್ ಅಂತಲೂ ಬರ್ತೈತಲ್ಲ, ಅದು ಸೇಫಾ?
(ಚಳ್ಳಕೆರೆ)

ಉತ್ತರ: ಕೊಡ್ತಾರೆ ಅಣ್ಣಾ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟ್ರಿ ಬಂದ್, ಹಾಗಾಗಿ ಬೇರೆ ರಾಜ್ಯದ ಟಿಕೆಟ್ ತಂದು ಇಲ್ಲಿ ಮಾರೋ ಹಂಗಿಲ್ಲ. ಕೇರಳದಲ್ಲಿ ಸರ್ಕಾರನೇ ನಡೆಸೋದು, ಮೊದಲ ಡ್ರಾ 1968ರ ಜನವರಿ 26ಕ್ಕೆ, ಆಗ ಟಿಕೆಟ್ ಒಂದು ರೂಪಾಯಿ, ಬಹುಮಾನ 50 ಸಾವಿರ. ಅಲ್ಲಿಗೆ ಹೋಗಿ ನೀವು ಕೊಂಡ್ರೆ ತಪ್ಪೇನಿಲ್ಲ. 2024ರ ಓಣಂ ಬಂಪರಿನ 25 ಕೋಟಿ ಹೊಡೆದಿದ್ದು ನಮ್ಮ ಕರ್ನಾಟಕದವರಿಗೇ.

ಆದ್ರೆ ಆ ವರ್ಷ ಮಾರಾಟ ಆದ ಟಿಕೆಟ್ 71 ಲಕ್ಷಕ್ಕೂ ಜಾಸ್ತಿ. 2011ರ ಜನಗಣತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿ ಸುಮಾರು 36 ಲಕ್ಷ ಜನ, ಅದರ ಎರಡರಷ್ಟು ಜನರಲ್ಲಿ ಒಬ್ಬರ ಹೆಸರು ಎತ್ತಿದ ಹಾಗೆ. ಆ ಟಿಕೆಟ್ಟಿಗೆ 500 ರೂಪಾಯಿ. ನಂಬರ್ ಮೊದಲೇ ಪ್ರಿಂಟ್ ಆಗಿರುತ್ತೆ, ಅಂಗಡಿಯವನ ಹತ್ರ ಇರೋದರಲ್ಲಿ ಹುಡುಕಿ ಫ್ಯಾನ್ಸಿ ನಂಬರ್ ತಗೊಂಡು ಪ್ರಯೋಜನ ಇಲ್ಲ. 25 ಕೋಟಿ ಅಂದ್ರೆ 25 ಕೋಟಿನೂ ಕೈಗೆ ಬರಲ್ಲ, ಏಜೆಂಟ್ ಕಮಿಷನ್ ನೂರಕ್ಕೆ 10 ಹೋದ್ರೆ 22.5 ಕೋಟಿ, ಅದರಲ್ಲಿ ನೂರಕ್ಕೆ 30 ತೆರಿಗೆ ಹಿಡಿದ್ರೆ 15.75 ಕೋಟಿ, ಅದರ ಮೇಲೆ ಸರ್‌ಚಾರ್ಜು, ಸೆಸ್ಸು ಬೇರೆ ಕಟ್ಟಬೇಕು. ಟಿಕೆಟ್ ಕೊಂಡ ತಕ್ಷಣ ಹಿಂದುಗಡೆ ಹೆಸರು, ವಿಳಾಸ ಬರೆದು ಸಹಿ ಹಾಕಿ, ಲಾರಿ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬ್ಯಾಡ್ರಿ, ಹರಿದ್ರೆ ಅಳಿಸಿದ್ರೆ ಕಷ್ಟ. ಡ್ರಾ ಆಗಿ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು.

ವಾಟ್ಸಾಪ್‌ದು ಪೂರ್ತಿ ಮೋಸ. ಕೇರಳ ಲಾಟ್ರಿ ಕಾಗದದ ಟಿಕೆಟ್ ಮಾತ್ರ, ಆನ್‌ಲೈನ್ ಮಾರಾಟನೇ ಇಲ್ಲ. "ನಿಮಗೆ 25 ಲಕ್ಷ ಬಂದಿದೆ, ಮೊದಲು ಟ್ಯಾಕ್ಸ್ ಕಟ್ಟಿ" ಅಂತ ಯಾರಾದ್ರೂ ಅಂದ್ರೆ ಕಟ್ ಮಾಡಿ. ತೆರಿಗೆಯನ್ನ ಬಹುಮಾನದಲ್ಲೇ ಹಿಡೀತಾರೆ, ನಿಮ್ಮಿಂದ ಮೊದಲೇ ಕೇಳಲ್ಲ. ಆಗಲೇ ದುಡ್ಡು ಕಳಿಸಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ, ಎಷ್ಟು ಬೇಗ ಮಾಡಿದ್ರೆ ಅಷ್ಟು ಒಳ್ಳೇದು, ದುಡ್ಡು ಬೇರೆ ಖಾತೆಗೆ ಹೋಗೋಕೆ ಮುಂಚೆ ತಡೆಯೋ ಅವಕಾಶ ಇರುತ್ತೆ.

ಪ್ರಶ್ನೆ: ನಮ್ಮೂರಲ್ಲಿ ತಿಂಗಳಿಗೆ ಸಾವಿರ ಕಟ್ಟೋ ಲಕ್ಕಿ ಸ್ಕೀಮ್ ಮಾಡಿದಾರೆ, ಪ್ರತಿ ತಿಂಗಳು ಡ್ರಾ, ಹೊಡೆದವರಿಗೆ ಬೈಕು, ಅವರು ಮುಂದೆ ಕಟ್ಟೋ ಹಂಗಿಲ್ಲ. ಇದು ಲಾಟ್ರಿ ಅಲ್ವಲ್ಲ, ಸೇರಬಹುದಾ?
(ಹೊಳಲ್ಕೆರೆ)

ಉತ್ತರ: ಸೇರಬ್ಯಾಡ್ರಿ. ಹೀಗೆ ಕಂತು ಕಟ್ಟಿಸಿಕೊಂಡು ಡ್ರಾನಲ್ಲಿ ಬಹುಮಾನ ಕೊಡೋ ಸ್ಕೀಮನ್ನ 1978ರ ಕೇಂದ್ರ ಕಾಯ್ದೆನೇ ನಿಷೇಧ ಮಾಡಿದೆ. ಮೊದಮೊದಲು ಬೈಕ್ ನಿಜವಾಗ್ಲೂ ಕೊಡ್ತಾರೆ, ಹಾರ ಹಾಕಿ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕ್ತಾರೆ, ಅದನ್ನ ನೋಡಿ ಇನ್ನೊಂದಷ್ಟು ಜನ ಸೇರ್ತಾರೆ. ಕೊನೇ ತಿಂಗಳು ಉಳಿದವರಿಗೆಲ್ಲ ಒಟ್ಟಿಗೆ ಕೊಡಬೇಕಾದಾಗ ದುಡ್ಡು ಇರಲ್ಲ. ಚೀಟಿನೇ ಹಾಕಬೇಕು ಅಂದ್ರೆ ಸಹಕಾರ ಇಲಾಖೆಯಲ್ಲಿ ನೋಂದಣಿ ಆದ ಚಿಟ್ ಫಂಡ್ ನೋಡ್ರಿ, ನೋಂದಣಿ ಪತ್ರ ತೋರಿಸಿ ಅಂತ ಕೇಳ್ರಿ. ಆಗಲೇ ಒಂದೆರಡು ಕಂತು ಕಟ್ಟಿದ್ರೆ ರಸೀದಿ, ಕಾರ್ಡು ಎಲ್ಲಾ ಫೋಟೋ ತೆಗೆದಿಟ್ಕೊಂಡು ಈಗಲೇ ವಾಪಸ್ ಕೇಳಿ, ಕೊಡದಿದ್ರೆ ಅವೇ ಕಾಗದ ಹಿಡ್ಕೊಂಡು ಸ್ಟೇಷನ್ನಿಗೆ ಹೋಗ್ರಿ.