ಇಂಗ್ಲೆಂಡಿನ ಜಡ್ಜ್‌ಗಳಲ್ಲಿ ಯಾರ ಮೇಲೆ ಯಾರು?

ಪ್ರಶ್ನೆ: ವಿಜಯ್ ಮಲ್ಯ ಹಸ್ತಾಂತರದ ಕೇಸು ಲಂಡನ್ನಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆಯಿತು ಎಂದು ಓದಿದ್ದೆ. ಅಷ್ಟು ದೊಡ್ಡ ಕೇಸು ಅಷ್ಟು ಸಣ್ಣ ಕೋರ್ಟಿಗೆ ಯಾಕೆ? ಅಲ್ಲಿನ ಜಡ್ಜ್‌ಗಳಲ್ಲಿ ಯಾರು ಹಿರಿಯರು, ಯಾರು ಕಿರಿಯರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಸ್ತಾಂತರದ ಕೇಸುಗಳೆಲ್ಲ ಮೊದಲು ಬರುವುದೇ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ವಿಚಾರಣೆ ಮಾಡುವವರು ಡಿಸ್ಟ್ರಿಕ್ಟ್ ಜಡ್ಜ್. 2018ರ ಡಿಸೆಂಬರ್‌ನಲ್ಲಿ ಮಲ್ಯರನ್ನು ಭಾರತಕ್ಕೆ ಒಪ್ಪಿಸಬಹುದು ಎಂದ ಎಮ್ಮಾ ಆರ್ಬತ್ನಾಟ್ ಆಗ ಚೀಫ್ ಮ್ಯಾಜಿಸ್ಟ್ರೇಟ್, ಅಂದರೆ ಆ ಕೋರ್ಟುಗಳ ಡಿಸ್ಟ್ರಿಕ್ಟ್ ಜಡ್ಜ್‌ಗಳಲ್ಲೇ ಹಿರಿಯರು. 2021ರಲ್ಲಿ ಅವರು ಹೈಕೋರ್ಟ್ ಜಡ್ಜ್ ಆದರು.

ನಮ್ಮವರಿಗೆ ಗೊಂದಲ ಆಗುವುದು ಇಲ್ಲೇ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರೆಂದರೆ ಇಡೀ ಜಿಲ್ಲೆಯ ಕೋರ್ಟುಗಳಿಗೆ ಹಿರಿಯರು. ಅಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಕೆಳಗಿನ ಮೆಟ್ಟಿಲಿನವರು. ಅವರಿಗೂ ಕೆಳಗೆ ಸಾಮಾನ್ಯ ಮ್ಯಾಜಿಸ್ಟ್ರೇಟರು. ಇವರಿಗೆ ಸಂಬಳವೇ ಇಲ್ಲ, ಕಾನೂನು ಡಿಗ್ರಿಯೂ ಬೇಕಿಲ್ಲ! ಟೀಚರ್, ಅಂಗಡಿಯವರು, ನಿವೃತ್ತ ಎಂಜಿನಿಯರ್, ಯಾರು ಬೇಕಾದರೂ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂವರು ಒಟ್ಟಿಗೆ ಕೂರುತ್ತಾರೆ, ಕಾನೂನಿನ ಸಲಹೆ ಕೊಡಲು ಒಬ್ಬರು ಜೊತೆಗಿರುತ್ತಾರೆ. ಸುಮ್ನೆ ಹೆಸರಿಗೆ ಇರುವವರು ಅಂದುಕೊಳ್ಳಬೇಡಿ. ಕ್ರಿಮಿನಲ್ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲೇ ಮುಗಿಯುತ್ತವೆ.

ಗಂಭೀರ ಕೇಸು ಕ್ರೌನ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ಹೇಳುವುದು ಜ್ಯೂರಿ, ಅಂದರೆ ಸಾಮಾನ್ಯ ನಾಗರಿಕರ ತಂಡ. ಶಿಕ್ಷೆ ಎಷ್ಟು ಎನ್ನುವುದು ಜಡ್ಜ್ ಕೈಯಲ್ಲಿ. ಹೆಚ್ಚಾಗಿ ಸರ್ಕ್ಯೂಟ್ ಜಡ್ಜ್ ಕೂರುತ್ತಾರೆ, ಕೆಲವು ಸಲ ರೆಕಾರ್ಡರ್. ರೆಕಾರ್ಡರ್ ಎಂದರೆ ವರ್ಷಕ್ಕೆ ಕೆಲವು ವಾರ ಮಾತ್ರ ಜಡ್ಜ್ ಆಗಿ ಕೂರುವವರು. ಅವರಲ್ಲಿ ಎಷ್ಟೋ ಜನ ಉಳಿದ ದಿನ ವಕೀಲರೇ. ನಮಗೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಪೂರ್ತಿ ಜಡ್ಜ್ ಆಗುವ ಮುಂಚೆ ಅನೇಕರು ಬರುವ ದಾರಿ ಇದು.

ಇವರ ಮೇಲೆ ಹೈಕೋರ್ಟಿನ ಮಿಸ್ಟರ್ ಅಥವಾ ಮಿಸೆಸ್ ಜಸ್ಟಿಸ್. ಆಮೇಲೆ ಕೋರ್ಟ್ ಆಫ್ ಅಪೀಲ್‌ನ ಲಾರ್ಡ್ ಅಥವಾ ಲೇಡಿ ಜಸ್ಟಿಸ್. ತುದಿಯಲ್ಲಿ ಸುಪ್ರೀಂ ಕೋರ್ಟಿನ 12 ಹುದ್ದೆಗಳು. ಈ ಕೋರ್ಟ್ ಶುರುವಾಗಿದ್ದೇ 2009ರಲ್ಲಿ, ಅದಕ್ಕೆ ಮುಂಚೆ ಕೊನೆಯ ಮೇಲ್ಮನವಿ ಹೌಸ್ ಆಫ್ ಲಾರ್ಡ್ಸ್‌ಗೆ ಹೋಗುತ್ತಿತ್ತು. ಆದರೂ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜಡ್ಜ್‌ಗಳಿಗೆಲ್ಲ ಮುಖ್ಯಸ್ಥರು ಸುಪ್ರೀಂ ಕೋರ್ಟಿನ ಅಧ್ಯಕ್ಷರಲ್ಲ, ಲಾರ್ಡ್ ಚೀಫ್ ಜಸ್ಟಿಸ್. 2023ರಲ್ಲಿ ಸೂ ಕಾರ್ ಆ ಹುದ್ದೆಗೆ ಬಂದ ಮೊದಲ ಮಹಿಳೆ. ಹಾಗಾಗಿ ಅವರು ಲೇಡಿ ಚೀಫ್ ಜಸ್ಟಿಸ್.

ಕೋರ್ಟ್ ನೋಡಿ ಜಡ್ಜ್ ದರ್ಜೆ ಊಹಿಸುವುದು ಮಾತ್ರ ಕಷ್ಟ. ಮಲ್ಯರ ಮೇಲ್ಮನವಿಯನ್ನು 2020ರ ಏಪ್ರಿಲ್‌ನಲ್ಲಿ ವಜಾ ಮಾಡಿದ್ದು ಹೈಕೋರ್ಟ್. ಪೀಠದಲ್ಲಿದ್ದ ಇಬ್ಬರಲ್ಲಿ ಮಿಸೆಸ್ ಜಸ್ಟಿಸ್ ಲೇಂಗ್ ಹೈಕೋರ್ಟಿನವರು. ಲಾರ್ಡ್ ಜಸ್ಟಿಸ್ ಇರ್ವಿನ್ ಒಂದು ಮೆಟ್ಟಿಲು ಮೇಲಿನವರು. 2021ರ ಜುಲೈನಲ್ಲಿ ಮಲ್ಯರನ್ನು ದಿವಾಳಿ ಎಂದು ಸಾರಿದ್ದೂ ಹೈಕೋರ್ಟಿನಲ್ಲೇ. ಆದರೆ ಆದೇಶ ಕೊಟ್ಟ ಮೈಕೆಲ್ ಬ್ರಿಗ್ಸ್ 'ಜಸ್ಟಿಸ್' ದರ್ಜೆಯವರಲ್ಲ, ದಿವಾಳಿ ಮತ್ತು ಕಂಪನಿ ವ್ಯಾಜ್ಯಗಳಿಗೆಂದೇ ಇರುವ ಜಡ್ಜ್. ಆಗ ಸುಪ್ರೀಂ ಕೋರ್ಟಿನಲ್ಲೂ ಒಬ್ಬರು ಮೈಕೆಲ್ ಬ್ರಿಗ್ಸ್ ಇದ್ದರು. ಅವರು ಬೇರೆ!