45 ಸಾವಿರ ಅಂದದ್ದು ಒಂದೂಮುಕ್ಕಾಲು ಲಕ್ಷ ಆದಾಗ

ಪಾಂಡವಪುರದ ಕಡೆಯಿಂದ ಪತ್ರ ಬರೆದ ಲಾರಿ ಮಾಲೀಕರೇ,

ನಿಮ್ಮ ಪತ್ರವನ್ನೂ ಜೊತೆಗಿಟ್ಟ ಬಿಲ್ಲನ್ನೂ ಸಾಲು ಸಾಲಾಗಿ ಓದಿದೆವು. ಉಳಿದ ಓದುಗರಿಗೆ ತಿಳಿಯಲಿ ಎಂದು ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇವೆ. ನಿಮ್ಮದು 2021ರ ಮಾಡೆಲ್ಲಿನ ಆರು ಚಕ್ರದ ಬಿಎಸ್-6 (ಹೊಗೆ ಮಿತಿಯ ಹೊಸ ನಿಯಮದ) ಲಾರಿ, ನಾಲ್ಕು ಸಿಲಿಂಡರ್, 2,90,000 ಕಿ.ಮೀ. ಓಡಿದೆ. ಓಡಿಸುವವರೂ ನೀವೇ. ಕಬ್ಬು ಅರೆಯುವ ಕಾಲದಲ್ಲಿ ಕಬ್ಬು, ಉಳಿದಾಗ ಜಲ್ಲಿ, ಎಂ-ಸ್ಯಾಂಡ್. ಲೋಡಿನ ಮೇಲೆ ಪಿಕಪ್ ಇಲ್ಲ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಶಿಳ್ಳೆ ಹೊಡೆಯುತ್ತದೆ ಎಂದು ಮೈಸೂರಿನ ಒಂದು ವರ್ಕ್‌ಶಾಪಿಗೆ ಬಿಟ್ಟಿರಿ. ಬಾಯಿಮಾತಲ್ಲಿ 45,000 ಅಂದರು. ಹನ್ನೊಂದು ದಿನದ ಮೇಲೆ ಕೈಗೆ ಬಂದ ಬಿಲ್ಲು 1,76,100. ಟರ್ಬೊ ಪೂರ್ತಿ ಅಸೆಂಬ್ಲಿ 58,000, ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್ 70,000, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕ್ಲೀನಿಂಗ್ 14,000, ಆಯಿಲ್ ಮತ್ತು ಫಿಲ್ಟರ್ 9,600, ಕೂಲಿ 18,000, ‘ಇತರೆ’ 6,500. ಮನೆಯವರ ಸರ ಅಡವಿಟ್ಟು ಗಾಡಿ ಬಿಡಿಸಿಕೊಂಡಿದ್ದೀರಿ. ಮೋಸ ಹೋದೆನೇ, ದುಡ್ಡು ವಾಪಸ್ ಸಿಗುತ್ತದೆಯೇ, ಮುಂದೆ ಹೀಗಾಗದಂತೆ ಏನು ಮಾಡಲಿ ಎಂದು ಕೇಳಿದ್ದೀರಿ.

ಬಿಲ್ಲು ದೊಡ್ಡದು ಎಂಬ ಒಂದೇ ಕಾರಣಕ್ಕೆ ಮೋಸ ಎನ್ನಲು ಬರುವುದಿಲ್ಲ. ಒಂದೊಂದು ಸಾಲಿಗೂ ಪುರಾವೆ ಇದೆಯೇ ಎಂಬುದನ್ನು ನೋಡಬೇಕು. ನಿಮ್ಮ ಬಿಲ್ಲಿನಲ್ಲಿ ನಮಗೆ ಹೆಚ್ಚು ಅನುಮಾನ ಬಂದಿರುವುದು ಟರ್ಬೊ ಮೇಲಲ್ಲ, ಇಂಜೆಕ್ಟರ್ ಮೇಲೆ.

ಟರ್ಬೊ ಹಾಳಾಗಿರುವುದು ನಂಬುವಂಥ ಮಾತೇ. ಕ್ರಷರ್ ದೂಳು, ಕಬ್ಬಿನ ಗದ್ದೆಯ ದೂಳು ಎರಡರಲ್ಲೂ ಓಡುವ ಗಾಡಿಯಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಹೊಡೆದು ಫಿಲ್ಟರ್ ಪೇಪರ್ ಹರಿದುಕೊಂಡರೆ ದೂಳು ಸೀದಾ ಟರ್ಬೊ ರೆಕ್ಕೆಗೆ ಹೋಗುತ್ತದೆ. ಆದರೆ ಒಳಗಿನ ಶಾಫ್ಟ್ ಮತ್ತು ಬುಷ್ ಮಾತ್ರ ಹೋಗಿದ್ದರೆ ಕೋರ್ ಒಂದನ್ನೇ ಬದಲಿಸಬಹುದು, ಪೂರ್ತಿ ಅಸೆಂಬ್ಲಿಯೇ ಬೇಕೆಂದಿಲ್ಲ. ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ಅಕ್ಕಪಕ್ಕ ಸ್ವಲ್ಪ ಆಟ ಇರುವುದು ಸಹಜ, ಏಕೆಂದರೆ ಬುಷ್ ಆಯಿಲ್ ಮೇಲೆ ತೇಲುತ್ತಿರುತ್ತದೆ. ಹಿಂದೆ-ಮುಂದೆ ಎಳೆದಾಗ ಆಟ ಕೈಗೆ ಸಿಕ್ಕರೆ, ಅಥವಾ ರೆಕ್ಕೆ ಹೌಸಿಂಗಿಗೆ ಉಜ್ಜಿದ ಗುರುತಿದ್ದರೆ, ಅದು ಮುಗಿದ ಟರ್ಬೊ. ರೆಕ್ಕೆ ಮುರಿದು ಹೌಸಿಂಗ್ ಗೀರಿದ್ದರೆ ಅಸೆಂಬ್ಲಿ ಹಾಕಿದ್ದು ಸರಿ. ಹಳೆ ಟರ್ಬೊ ನಿಮ್ಮ ಕೈಯಲ್ಲಿದ್ದಿದ್ದರೆ ಇದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಈಗಲಾದರೂ ಹೋಗಿ ಕೇಳಿ. ಹಳೆ ಕೋರಿಗೆ ಎಕ್ಸ್‌ಚೇಂಜ್ ಬೆಲೆ ಇರುತ್ತದೆ. ಅದನ್ನು ಅವರೇ ಇಟ್ಟುಕೊಂಡಿದ್ದರೆ ಆ ಮೊತ್ತ ಬಿಲ್ಲಿನಲ್ಲಿ ಕಳೆದಿರಬೇಕಿತ್ತು.

ಇನ್ನೊಂದು ಮಾತು ಈಗಲೇ ಹೇಳಬೇಕು, ಏಕೆಂದರೆ ಹೊಸ ಟರ್ಬೊ ಉಳಿಯುವುದು ಇದರ ಮೇಲೆ. ಟರ್ಬೊಗೆ ಆಯಿಲ್ ಕೊಡುವ ಪೈಪಿನಲ್ಲಿ ಮಡ್ಡಿ ಕಟ್ಟಿದ್ದರೆ, ವಾಪಸ್ ಪೈಪ್ ಅಥವಾ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಮುಚ್ಚಿದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಹಳೆ ಟರ್ಬೊ ಕಕ್ಕಿದ ಆಯಿಲ್, ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ನಿಂತಿರುತ್ತದೆ, ಅದನ್ನು ಬಿಚ್ಚಿ ತೊಳೆಯಲೇಬೇಕು. ನಿಮ್ಮ ಬಿಲ್ಲಿನಲ್ಲಿ ಈ ಎರಡು ಕೆಲಸದ ಹೆಸರೇ ಇಲ್ಲ. ವರ್ಕ್‌ಶಾಪಿಗೆ ಹೋದಾಗ ಮೊದಲು ಇದನ್ನೇ ಕೇಳಿ.

ಈಗ ಇಂಜೆಕ್ಟರ್. ನಾಲ್ಕೂ ಒಟ್ಟಿಗೆ ಕೆಡುವುದು ಕಲಬೆರಕೆ ಡೀಸೆಲ್ ಅಥವಾ ನೀರು ಹೋದಾಗ ಆಗಬಹುದು, ಇಲ್ಲವೆನ್ನುವುದಿಲ್ಲ. ಆದರೆ ಪರೀಕ್ಷೆ ಮಾಡದೆ ನಾಲ್ಕನ್ನೂ ಎಸೆಯುವುದಕ್ಕೆ ನಾವು ಒಪ್ಪುವುದಿಲ್ಲ. ಪರೀಕ್ಷೆ ಸುಲಭದ್ದು: ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪ್ ಬಿಚ್ಚಿ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಎಂಜಿನ್ನನ್ನು ಒಂದೆರಡು ನಿಮಿಷ ಸ್ಲೋನಲ್ಲಿ ಓಡಿಸುವುದು. ಒಂದು ಬಾಟಲಿಯಲ್ಲಿ ಮಾತ್ರ ಡೀಸೆಲ್ ತೀರಾ ಹೆಚ್ಚಿಗೆ ತುಂಬಿದರೆ ಸವೆದಿರುವುದು ಆ ಇಂಜೆಕ್ಟರ್. ಅದನ್ನು ಪಂಪ್ ಸರ್ವಿಸ್ ಅಂಗಡಿಯ ಬೆಂಚ್ ಮೇಲೆ ಕೂರಿಸಿದರೆ ಪ್ರಿಂಟ್ ರಿಪೋರ್ಟ್ ಕೊಡುತ್ತಾರೆ. ನಿಮಗೆ ಅಂಥ ರಿಪೋರ್ಟ್ ಕೊಟ್ಟಿಲ್ಲ.

ನಾಲ್ಕನ್ನೂ ನಿಜವಾಗಿ ಬದಲಿಸಿದ್ದಾರೆಯೇ ಎಂದು ತಿಳಿಯಲು ದಾರಿ ಇದೆ. ಕಾಮನ್ ರೈಲ್ ಇಂಜೆಕ್ಟರ್‌ಗಳ ತಲೆಯ ಮೇಲೆ ಸಾಮಾನ್ಯವಾಗಿ ಅಕ್ಷರ, ಅಂಕಿ ಸೇರಿದ ಒಂದು ಕೋಡ್ ಕೊರೆದಿರುತ್ತದೆ. ಹೊಸದು ಹಾಕಿದಾಗ ಆ ಕೋಡನ್ನು ಸ್ಕ್ಯಾನರ್ ಮೂಲಕ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಬರೆಯಬೇಕು. ಬರೆಯದಿದ್ದರೆ ಡೀಸೆಲ್ ಅಳತೆ ತಪ್ಪಿ ಹೊಗೆ ಬರುತ್ತದೆ, ಎಂಜಿನ್ ನಡುಗುತ್ತದೆ. ನಿಮಗೆ ಗೊತ್ತಿರುವ ಬೇರೆ ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಹಾಕಿಸಿ, ಇಸಿಯುನಲ್ಲಿರುವ ನಾಲ್ಕು ಕೋಡ್ ಬರೆದುಕೊಳ್ಳಿ. ಟಾರ್ಚ್ ಬಿಟ್ಟು ಇಂಜೆಕ್ಟರ್ ತಲೆಯ ಮೇಲಿನ ಕೋಡಿನ ಫೋಟೊ ತೆಗೆಯಿರಿ. ಎರಡೂ ಹೊಂದದಿದ್ದರೆ ಇಂಜೆಕ್ಟರ್ ಬದಲಿಸಿಯೂ ಕೋಡ್ ಬರೆದಿಲ್ಲದಿರಬಹುದು, ಕೆಲಸ ಅರ್ಧವಾದಂತೆ. ಹೊಂದಿದ್ದರೂ ಇಂಜೆಕ್ಟರ್‌ಗಳು ನೋಡಿದರೇ ಹಳೆಯವು ಎಂದು ಕಾಣುವಂತಿದ್ದರೆ, 70,000ದ ಸಾಲು ನಿಲ್ಲುವುದಿಲ್ಲ.

ಡಿಪಿಎಫ್ ಕ್ಲೀನಿಂಗ್ ಬೇಕಾಗಿದ್ದಿರಬಹುದು, ಟರ್ಬೊ ಕಕ್ಕಿದ ಆಯಿಲ್ ಅಲ್ಲಿಗೇ ಹೋಗಿ ಕಟ್ಟಿಕೊಳ್ಳುತ್ತದೆ. ಕ್ಲೀನ್ ಮಾಡುವ ಮುಂಚೆ ಮತ್ತು ಆಮೇಲೆ ಸ್ಕ್ಯಾನರ್ ತೋರಿಸಿದ ಪ್ರೆಷರ್ ವ್ಯತ್ಯಾಸ ಎಷ್ಟು ಎಂದು ಕೇಳಿ. ಆಯಿಲ್ ಸಾಲಿನಲ್ಲಿ ಲೀಟರ್ ನಮೂದಿಸಿಲ್ಲ. ನಿಮ್ಮ ಓನರ್ ಮ್ಯಾನ್ಯುಯಲ್‌ನಲ್ಲಿ ಎಂಜಿನ್ನಿನ ಆಯಿಲ್ ತೊಟ್ಟಿಗೆ (ಸಂಪ್) ಎಷ್ಟು ಲೀಟರ್ ಎಂದಿದೆ, ಡಬ್ಬದ ಬೆಲೆಗೆ ಗುಣಿಸಿ ನೋಡಿ. ಬಿಎಸ್-6 ಎಂಜಿನ್‌ಗೆ ಕಡಿಮೆ ಬೂದಿಯ ಆಯಿಲ್ ಬೇಕು, ಡಬ್ಬದ ಮೇಲೆ ಸಿಕೆ-4 ಎಂದಿರುವಂಥದ್ದು. ಹಳೆ ದರ್ಜೆಯ ಆಯಿಲ್ ಹಾಕಿದರೆ ಡಿಪಿಎಫ್ ಮತ್ತೆ ಕಟ್ಟಿಕೊಳ್ಳುತ್ತದೆ. ‘ಇತರೆ 6,500’ ಎಂಬುದನ್ನು ಬಿಡಿಸಿ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ದುಡ್ಡು ವಾಪಸ್ ಪಡೆಯುವ ವಿಚಾರ. ರಿಪೇರಿ ದುಡ್ಡು ಕೊಡುವ ತನಕ ಗಾಡಿ ಹಿಡಿದಿಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯ್ದೆಯ 170ನೇ ಕಲಂ ವರ್ಕ್‌ಶಾಪಿಗೆ ಕೊಟ್ಟಿದೆ. ಹಾಗಾಗಿ ನೀವು ಜಗಳ ತೆಗೆದು ಗಾಡಿ ಎಳೆದುಕೊಂಡು ಬರದೆ ದುಡ್ಡು ಕಟ್ಟಿದ್ದು ಸರಿಯಾಯಿತು. ಮುಂದೆ ಯಾರಿಗೇ ಹೀಗಾದರೂ ಬಿಲ್ಲಿನ ಎರಡೂ ಪ್ರತಿಯ ಮೇಲೆ ‘ಈ ಮೊತ್ತಕ್ಕೆ ನನ್ನ ತಕರಾರಿದೆ, ಗಾಡಿ ಬಿಡಿಸಿಕೊಳ್ಳಲು ಕಟ್ಟುತ್ತಿದ್ದೇನೆ’ ಎಂದು ಬರೆದು ಸಹಿ ಮಾಡಿ ಕಟ್ಟಿ.

‘ಲಾರಿ ವ್ಯಾಪಾರದ್ದು, ಗ್ರಾಹಕ ಕೋರ್ಟಿಗೆ ಬರಲ್ಲ’ ಎಂದು ವರ್ಕ್‌ಶಾಪಿನವರು ಹೇಳಿದರೆಂದು ಬರೆದಿದ್ದೀರಿ. ನಿಮ್ಮ ವಿಷಯದಲ್ಲಿ ಅದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶವನ್ನು ಹೊರಗಿಟ್ಟಿರುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವವರನ್ನು ಅದೇ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ತಾನೇ ಓಡಿಸಲು ಲಾರಿ ಕೊಂಡವನು ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರ ಒಂದು ತೀರ್ಪಿನಲ್ಲೂ ಹೇಳಿದೆ. ಒಂದೇ ಲಾರಿ, ಡ್ರೈವರೂ ನೀವೇ ಎಂಬುದಕ್ಕೆ ಆರ್‌ಸಿ ಮತ್ತು ನಿಮ್ಮ ಲೈಸೆನ್ಸ್ ಸಾಕಷ್ಟು ಬಲ ಕೊಡುತ್ತವೆ. ನಾಲ್ಕಾರು ಗಾಡಿ ಇಟ್ಟು ಡ್ರೈವರ್‌ಗಳಿಂದ ಓಡಿಸುವವರಿಗೆ ಈ ದಾರಿ ಕಷ್ಟ.

ಮೊದಲು ಪತ್ರ ಬರೆಯಿರಿ, ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ. ಮೂರೇ ಕೇಳಿಕೆ ಇರಲಿ: ಇಂಜೆಕ್ಟರ್ ಪರೀಕ್ಷೆಯ ರಿಪೋರ್ಟ್, ಹಳೆ ಸಾಮಾನು, ‘ಇತರೆ’ಯ ವಿವರ. ಹದಿನೈದು ದಿನದ ಗಡುವು ಕೊಡಿ. ಜವಾಬು ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವರ್ಕ್‌ಶಾಪ್ ಮೈಸೂರಿನಲ್ಲಿದ್ದರೂ ನೀವು ವಾಸವಿರುವ ಮಂಡ್ಯ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮ್ಮ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಡ್ಡಾಯವೂ ಇಲ್ಲ, ಎರಡು ವರ್ಷದ ಒಳಗೆ ಹೋಗಬೇಕು. 45,000 ಎಂದ ಮಾತಿಗೆ ಬರವಣಿಗೆ ಇಲ್ಲದಿರುವುದು ನಿಮ್ಮ ಪಾಲಿಗೆ ದೊಡ್ಡ ಕೊರತೆ. ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಇದ್ದರೂ ಅಳಿಸಬೇಡಿ.

ಮುಂದಿನ ಸಲಕ್ಕೆ. ಪಿಕಪ್ ಹೋಯಿತೆಂದರೆ ಟರ್ಬೊಗೆ ಸ್ಪ್ಯಾನರ್ ಹಾಕುವ ಮುಂಚೆ ಕಡಿಮೆ ಖರ್ಚಿನವನ್ನು ನೋಡಿಸಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಇಂಟರ್‌ಕೂಲರ್ ಹೋಸ್. ಹೋಸ್ ಸೀಳಿದರೂ ಶಿಳ್ಳೆ ಬರುತ್ತದೆ, ಎಳೆತ ಹೋಗುತ್ತದೆ. ಆಮೇಲೆ ಡಿಇಎಫ್, ಅಂದರೆ ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ತುಂಬುವ ಯೂರಿಯಾ ದ್ರವ. ಅದು ಖಾಲಿಯಾದರೆ ಅಥವಾ ನೀರು ಬೆರೆತಿದ್ದರೆ ಬಿಎಸ್-6 ಗಾಡಿ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಒಳ್ಳೆ ಡಿಇಎಫ್‌ನಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಗೊಬ್ಬರದ ಯೂರಿಯಾವನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಸುರಿದರೆ ಡಿಇಎಫ್ ಚಿಮ್ಮಿಸುವ ಇಂಜೆಕ್ಟರ್ ಬಾಯಲ್ಲಿ ಬಿಳಿ ಹರಳು ಕಟ್ಟುತ್ತದೆ. ಕ್ರಷರ್‌ನಿಂದ ಸೈಟಿಗೆ ಹತ್ತು ಹದಿನೈದು ಕಿ.ಮೀ. ಓಡುತ್ತ, ಕ್ಯೂನಲ್ಲಿ ಎಂಜಿನ್ ಆಫ್ ಮಾಡದೆ ನಿಂತರೆ ಡಿಪಿಎಫ್ ಒಳಗಿನ ಮಸಿ ಸುಡುವಷ್ಟು ಕಾವು ಬರುವುದಿಲ್ಲ. ಡಿಪಿಎಫ್ ದೀಪ ಹೊತ್ತಿದರೆ ಅಲಕ್ಷ್ಯ ಮಾಡದೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಲೋಡು ಎಳೆದು ಬಂದ ಮೇಲೆ ಎರಡು ಮೂರು ನಿಮಿಷ ಸ್ಲೋನಲ್ಲಿ ಬಿಟ್ಟು ಆಮೇಲೆ ಕೀ ತಿರುಗಿಸಿ.

ಗಾಡಿ ಬಿಡುವಾಗ ಜಾಬ್ ಕಾರ್ಡಿನ ಮೇಲೆ ನಿಮ್ಮ ಕೈಬರಹದಲ್ಲೇ ಬರೆಯಿರಿ: ‘ಮೊದಲು ಸ್ಕ್ಯಾನ್ ಮಾಡಿ ಎರರ್ ಕೋಡ್ ಕೊಡಿ. 10,000 ದಾಟುವ ಯಾವ ಕೆಲಸಕ್ಕೂ ವಾಟ್ಸಾಪಿನಲ್ಲಿ ಒಪ್ಪಿಗೆ ಪಡೆಯಿರಿ. ಹಳೆ ಸಾಮಾನು ವಾಪಸ್ ಕೊಡಿ.’ ಬಿಚ್ಚಿ ಹರಡಿದ ಎಂಜಿನ್ ಮುಂದೆ ನಿಂತು ಯಾರಿಗೂ ಚೌಕಾಸಿ ಮಾಡಲು ಆಗುವುದಿಲ್ಲ, ಮಾತೆಲ್ಲ ಬಿಚ್ಚುವ ಮುಂಚೆಯೇ ಆಗಬೇಕು. ದೊಡ್ಡ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದೆರಡು ಬಿಡಿಭಾಗದ ಅಂಗಡಿಗೆ ಪಾರ್ಟ್ ನಂಬರ್ ಹೇಳಿ ಫೋನಿನಲ್ಲೇ ಬೆಲೆ ಕೇಳಿ.

ದುಡ್ಡಿನ ಏರ್ಪಾಡು ಹೀಗೆ. ಕಳೆದ ಎರಡು ವರ್ಷದ ರಿಪೇರಿ ಬಿಲ್ಲೆಲ್ಲ ಕೂಡಿಸಿ, ಓಡಿದ ಕಿ.ಮೀ.ಗೆ ಭಾಗಿಸಿ. ಉದಾಹರಣೆಗೆ 3,60,000 ರೂಪಾಯಿ, 1,20,000 ಕಿ.ಮೀ. ಆಗಿದ್ದರೆ ಕಿ.ಮೀ.ಗೆ 3 ರೂಪಾಯಿ. ತಿಂಗಳಿಗೆ 5,000 ಕಿ.ಮೀ. ಓಡಿದರೆ 15,000 ಬೇರೆ ಖಾತೆಗೆ ಹೋಗಬೇಕು, ಇಎಂಐ ಕಡಿತವಾಗುವ ಖಾತೆ ಬೇಡ. ಬಾಡಿಗೆ ಹೇಳುವಾಗಲೂ ಈ 3 ರೂಪಾಯಿ ಸೇರಿಸಿಯೇ ಹೇಳಿ. ಸಾಮಾನ್ಯ ವಿಮೆ ಅಪಘಾತಕ್ಕೆ ಕೊಡುತ್ತದೆಯೇ ಹೊರತು ಸವೆದುಹೋದ ಟರ್ಬೊಗಲ್ಲ, ಅದರ ಮೇಲೆ ಆಸೆ ಇಡಬೇಡಿ. ದೊಡ್ಡ ಸರ್ವಿಸನ್ನು ಕಾರ್ಖಾನೆ ಅರೆಯಲು ಶುರುಮಾಡುವ ಮುಂಚಿನ ಬಿಡುವಿನಲ್ಲೇ ಮುಗಿಸಿಕೊಳ್ಳಿ. ಸೀಸನ್ ಮಧ್ಯೆ ಗಾಡಿ ನಿಂತರೆ ದಿನದ ಬಾಡಿಗೆಯೂ ಹೋಗುತ್ತದೆ, ಆತುರದಲ್ಲಿ ಹೇಳಿದ ಬೆಲೆಗೆಲ್ಲ ಹ್ಞೂಂ ಅನ್ನಬೇಕಾಗುತ್ತದೆ.

ಈ ವಾರ ನೀವು ಮಾಡಬೇಕಾದ ಕೆಲಸ ಎರಡೇ, ಸ್ಕ್ಯಾನರ್ ಹಾಕಿಸಿ ಇಂಜೆಕ್ಟರ್ ಕೋಡ್ ಬರೆದುಕೊಳ್ಳುವುದು, ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ ಒಳಗೆ ಆಯಿಲ್ ನಿಂತಿದೆಯೇ ನೋಡುವುದು. ಆಯಿಲ್ ಇದ್ದರೆ ತೊಳೆಸುವ ತನಕ ಕಬ್ಬಿನ ಲೋಡ್ ಹೇರಬೇಡಿ. ಕೋಡುಗಳ ಫೋಟೊ ಸಿಕ್ಕ ಮೇಲೆ ನಮಗೂ ಒಂದು ಪ್ರತಿ ಕಳಿಸಿ, ವರ್ಕ್‌ಶಾಪಿಗೆ ಕಳಿಸುವ ಪತ್ರದ ಕರಡನ್ನು ನಾವು ನೋಡಿಕೊಡುತ್ತೇವೆ.

— ಸಂಪಾದಕರು